ಹುಟ್ಟಿನಿಂದಲ್ಲ, ಹುಟ್ಟು ಹಾಕುವುದರಿಂದ

ಕನ್ನಡದ 'ಹುಟ್ಟು' ಅನ್ನುವ ಮಾತಿಗೆ ಎರಡು ಅರ್ಥ. ಒಂದು, ಜನ್ಮ. ಇನ್ನೊಂದು, ದೋಣಿ ನಡೆಸುವ ಕೋಲು. ನೀವು ಯಾವ ಜನ ಅಂತ ಕೇಳಿದರೆ ನಮ್ಮಲ್ಲಿ ಎಲ್ಲರೂ ಮೊದಲನೇ ಹುಟ್ಟನ್ನೇ ಹಿಡಿದು ಉತ್ತರ ಕೊಡುತ್ತಾರೆ. ಅಪ್ಪ ಯಾರು, ಅಜ್ಜ ಯಾರು, ಯಾವ ಊರು, ಯಾವ ಮನೆತನ. ಎರಡನೇ ಹುಟ್ಟನ್ನು ಹಿಡಿದು ಉತ್ತರ ಕೊಡುವ ಜನವೂ ಇದ್ದಾರೆ. ಆಫ್ರಿಕಾದ ಪೂರ್ವಕ್ಕೆ, ಮಡಗಾಸ್ಕರ್ ದ್ವೀಪದ ನೈಋತ್ಯ ಕರಾವಳಿಯಲ್ಲಿ. ಅವರ ಹೆಸರೇ ಅದು. 'ವೇಝು' ಅಂದರೆ 'ಹುಟ್ಟು ಹಾಕು!' ಅಂತ ಅರ್ಥ ಹೇಳುತ್ತಾರೆ.

ಬರೆಯುವಾಗ ಕೊನೆಗೆ 'ಒ' ಬರುತ್ತದೆ. ಆದರೆ ಅಲ್ಲಿನ ಭಾಷೆಯಲ್ಲಿ ಆ ಅಕ್ಷರವನ್ನು 'ಉ' ಅಂತ ಓದಬೇಕು. ಹಾಗಾಗಿ ವೇಝೊ ಅಲ್ಲ, ವೇಝು.

ಮಡಗಾಸ್ಕರ್‌ಗೂ ಆಫ್ರಿಕಾದ ನೆಲಕ್ಕೂ ನಡುವೆ ಮೊಜಾಂಬಿಕ್ ಕಾಲುವೆ ಇದೆ. ಹೆಸರಿಗೆ ಕಾಲುವೆ, ತೀರಾ ಕಿರಿದಾದ ಕಡೆಯಲ್ಲೂ ಅಗಲ ಸುಮಾರು 400 ಕಿಲೋಮೀಟರ್. ಈ ಕಡಲಿನ ಅಂಚಿಗೆ, ದಕ್ಷಿಣದ ತುಲಿಯಾರದಿಂದ ಉತ್ತರದ ಮುರುಂದಾವದವರೆಗೆ ಮತ್ತು ಅದರ ಆಚೀಚೆಗೂ ವೇಝು ಹಳ್ಳಿಗಳು ಹರಡಿಕೊಂಡಿವೆ. ಬೆನ್ನಿಗೆ ಮುಳ್ಳುಗಿಡಗಳ ಒಣಕಾಡು, ಎದುರಿಗೆ ಹವಳದ ದಿಬ್ಬ, ನಡುವೆ ಮರಳು. ಮಳೆ ತೀರಾ ಕಡಿಮೆ. ಬೇಸಾಯಕ್ಕೆ ಆಗಿಬರುವ ನೆಲ ಅಲ್ಲವೇ ಅಲ್ಲ.

ಒಳನಾಡಿನಲ್ಲಿ ಇರುವವರು ಮಸಿಕುರು. ಇವರು ಹೊಲ ಉಳುತ್ತಾರೆ, ದನ ಸಾಕುತ್ತಾರೆ. ಕಾಡಿನೊಳಗೆ ಮಿಕೇಯ ಅನ್ನುವವರಿದ್ದಾರೆ. ಗೆಡ್ಡೆ ಅಗೆದು, ಜೇನು ಕಿತ್ತು, ಬೇಟೆಯಾಡಿ ಬದುಕುವವರು. ಈ ಮೂರೂ ಬೇರೆ ಬೇರೆ ಬುಡಕಟ್ಟುಗಳು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ. ಮಾತು ಹೆಚ್ಚುಕಡಿಮೆ ಒಂದೇ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಹೆಸರುಗಳೂ ಒಂದೇ. ಬೇರೆಯಾಗಿರುವುದು ದಿನ ಬೆಳಗಾದರೆ ಮಾಡುವ ಕೆಲಸ ಮಾತ್ರ. ಕಡಲಿಗೆ ಇಳಿದರೆ ವೇಝು. ಹೊಲಕ್ಕೆ ಇಳಿದರೆ ಮಸಿಕುರು. ವೇಝು ಮನೆಯಲ್ಲಿ ಹುಟ್ಟಿದವನು ಒಳನಾಡಿಗೆ ಹೋಗಿ ಜೋಳ ಬಿತ್ತಿಕೊಂಡು ಉಳಿದುಬಿಟ್ಟರೆ ಅವನು ಮಸಿಕುರು ಆಗುತ್ತಾನೆ. ಮಸಿಕುರು ಮನೆಯವಳು ಕಡಲಿಗೆ ಬಂದು ಈಜು ಕಲಿತು, ಮೀನು ಮಾರಲು ಕಲಿತರೆ ವೇಝು ಆಗುತ್ತಾಳೆ.

ಇದನ್ನು ಹತ್ತಿರದಿಂದ ನೋಡಿ ಬರೆದವರು ರೀಟಾ ಅಸ್ತೂತಿ ಅನ್ನುವ ಮಾನವಶಾಸ್ತ್ರಜ್ಞೆ. 1980ರ ದಶಕದ ಕೊನೆಗೆ ಮುರುಂದಾವದ ಪಕ್ಕದ ಬೆತಾನಿಯ ಅನ್ನುವ ಹಳ್ಳಿಯಲ್ಲಿ ಇದ್ದು ಅಲ್ಲಿನ ಮಾತು ಕಲಿತರು. 'ವೇಝು ಅನ್ನುವುದು ಒಂದು ಜಾತಿ ಅಲ್ಲ' ಅಂತ ಊರಿನವರೇ ಅವರಿಗೆ ಹೇಳಿದರು. ಈಜಲು ಕಲಿತಾಗ, ಮುಳ್ಳು ಜಾಸ್ತಿ ಇರುವ ಮೀನನ್ನು ಸಲೀಸಾಗಿ ತಿಂದಾಗ, 'ನೀನೂ ವೇಝು ಆಗ್ತಾ ಇದ್ದೀಯ' ಅಂದರಂತೆ. ಇದು ಸುಮ್ನೆ ಅತಿಥಿಗೆ ಹೇಳಿದ ಹೊಗಳಿಕೆ ಅಲ್ಲ. ತಮ್ಮ ಮಕ್ಕಳ ಬಗ್ಗೆಯೂ ಅವರು ಹೀಗೇ ಮಾತಾಡುತ್ತಾರೆ. ನೀರಿಗೆ ಇನ್ನೂ ಇಳಿಯದ ಕೂಸು 'ಇನ್ನೂ ವೇಝು ಆಗಿಲ್ಲ'. ಹಾಯಿ ಕಟ್ಟುವಾಗ ಎಡವಟ್ಟು ಮಾಡಿದ ದೊಡ್ಡವನಿಗೂ ಬಿಡುವುದಿಲ್ಲ. 'ಇವನೊಬ್ಬ ಮಸಿಕುರು!' ಅಂತ ಎಲ್ಲರೂ ನಗುತ್ತಾರೆ. ಮರುದಿನ ಒಳ್ಳೆ ಬೇಟೆ ತಂದರೆ ಅವನು ಮತ್ತೆ ವೇಝು.

ಮೈ ನೋಡಿ ಗುರುತು ಹಿಡಿಯುತ್ತಾರೆ. ಆದರೆ ಬಣ್ಣವನ್ನೋ ಮೂಗನ್ನೋ ನೋಡಿ ಅಲ್ಲ. ಮೀನಿನ ದಾರ ಎಳೆದೂ ಎಳೆದೂ ಬೆರಳಿನ ಮೇಲೆ ಬಿದ್ದ ಗೀರುಗಳನ್ನು ನೋಡುತ್ತಾರೆ. ಸಡಿಲ ಮರಳಿನ ಮೇಲೆ ನಡೆಯುವ ರೀತಿ ನೋಡುತ್ತಾರೆ. ಒಳನಾಡಿನವರ ಕಾಲು ಮರಳಿನಲ್ಲಿ ಹೂತು ಹೋಗಿ ಏದುಸಿರು ಬರುತ್ತದೆ. ವೇಝುಗಳು ಆರಾಮಾಗಿ ಹೆಜ್ಜೆ ಹಾಕುತ್ತಾರೆ. ಆ ಗುರುತೂ ಹುಟ್ಟಿನಿಂದ ಬಂದದ್ದಲ್ಲ, ಕೆಲಸ ಬರೆದದ್ದು. ಕೆಲಸ ನಿಂತರೆ ಗೀರು ಮಾಸುತ್ತದೆ.

ನಮ್ಮ ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು ಇದ್ದಾರೆ. ಮನೆಯ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಬಲೆ ಮುಟ್ಟದೇ ಇಪ್ಪತ್ತು ವರ್ಷ ಆಗಿದ್ದರೂ ಮೊಗವೀರನೇ. ವೇಝುಗಳಿಗೆ ಇದನ್ನು ವಿವರಿಸುವುದು ಬಹಳ ಕಷ್ಟ ಅನ್ನಿಸುತ್ತದೆ. 'ಹಾಗಾದರೆ ಅವನು ಈಗ ಏನು ಮಾಡ್ತಾನೆ?' ಅಂತಲೇ ಅವರು ಕೇಳಿಯಾರು.

ಈ ಬದುಕಿನ ನಡುಗಂಬ ಒಂದು ದೋಣಿ. ಹೆಸರು 'ಲಾಕ'. ಕಾಡಿನಲ್ಲಿ ಫರಫಾತ್ಸೆ ಅನ್ನುವ ಮರ ಇದೆ. ದಪ್ಪ ಕಾಂಡ, ಆದರೆ ಒಣಗಿದ ಮೇಲೆ ಬೆಂಡಿನ ಹಾಗೆ ಹಗುರ. ಅದನ್ನು ಕಡಿದು, ಅಲ್ಲೇ ಒರಟಾಗಿ ಕೊರೆದು, ಒಣಗಲು ಬಿಟ್ಟು, ಆಮೇಲೆ ಎತ್ತಿನ ಗಾಡಿಯಲ್ಲಿ ಕಡಲಿಗೆ ತರುತ್ತಾರೆ. ಅಂಚಿಗೆ ಹಲಗೆ ಏರಿಸಿ ದೋಣಿಯ ಮೈ ಎತ್ತರಿಸುತ್ತಾರೆ. ಅಷ್ಟು ಹಗುರ, ಅಷ್ಟು ಕಿರಿದಾದ ದೋಣಿ ಅಲೆ ಬಡಿದರೆ ಮಗುಚಿಕೊಳ್ಳುತ್ತದೆ. ಅದಕ್ಕೇ ಒಂದು ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ, ಇನ್ನೊಂದು ಮರದ ತೇಲು. ಎರಡನ್ನೂ ಸೇರಿಸುವುದು ಎರಡು ಅಡ್ಡ ಕೋಲುಗಳು. ಗೋವಾ, ಕಾರವಾರದ ಕಡೆ ಪಕ್ಕದಲ್ಲಿ ತೇಲು ಕಟ್ಟಿದ ದೋಣಿ ನೋಡಿದವರಿಗೆ ಈ ರೂಪ ಹೊಸದಲ್ಲ.

ಹಾಯಿ ಚೌಕ. ಅಕ್ಕಿ, ಹಿಟ್ಟಿನ ಚೀಲಗಳನ್ನು ಬಿಚ್ಚಿ ಹೊಲಿದದ್ದೂ ಇರುತ್ತದೆ. ಅದನ್ನು ಎತ್ತಿ ಹಿಡಿಯುವುದು ಒಂದೇ ಕಂಬ ಅಲ್ಲ. ದೋಣಿಯ ಬುಡದಿಂದ ಕತ್ತರಿಯ ಹಾಗೆ ಅಗಲವಾಗಿ ಮೇಲೇಳುವ ಎರಡು ಗಳುಗಳು. ಗಾಳಿ ದಿಕ್ಕು ಬದಲಿಸಿದರೆ ಗಳುವನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ನೆಡಬೇಕು. ಅಲೆ ಏಳುತ್ತಿರುವಾಗ, ಹಾಯಿ ಪಟಪಟ ಬಡಿಯುತ್ತಿರುವಾಗ. ಗಾಳಿ ಜೋರಾದರೆ ಒಬ್ಬ ಅಡ್ಡ ಕೋಲಿನ ಮೇಲೆ ತೇಲಿನ ಕಡೆಗೆ ಸರಿದು ತನ್ನ ಮೈಭಾರವನ್ನೇ ತಕ್ಕಡಿಯ ಬಟ್ಟು ಮಾಡಿಕೊಳ್ಳುತ್ತಾನೆ. ಕೆಳಗೆ ನೀರು, ಮೇಲೆ ಬಿಸಿಲು, ಕಾಲಡಿಗೆ ಎರಡು ಕೋಲು. ಮಸಿಕುರು ಅನ್ನುವ ಬೈಗುಳ ಯಾಕೆ ಹುಟ್ಟಿತು ಅಂತ ಇಲ್ಲಿ ಅರ್ಥ ಆಗುತ್ತದೆ.

ಬೇಟೆಯ ಹಂಗಾಮಿನಲ್ಲಿ ಇಡೀ ಸಂಸಾರವೇ ದೋಣಿ ಹತ್ತುತ್ತದೆ. ಮಡಕೆ, ಚಾಪೆ, ಕೋಳಿ, ಮಕ್ಕಳು, ಕುಡಿಯುವ ನೀರಿನ ಡಬ್ಬ. ದಂಡೆಗುಂಟ ವಾರಗಟ್ಟಲೆ ಸಾಗಿ ದೂರದ ಮರಳು ದಿಬ್ಬಗಳಲ್ಲಿ ಬಿಡಾರ ಹೂಡುತ್ತಾರೆ. ರಾತ್ರಿ ಮನೆ ಯಾವುದು? ಅದೇ ಹಾಯಿ. ಗಳುಗಳನ್ನು ಮರಳಿಗೆ ನೆಟ್ಟು, ಹಾಯಿ ಹೊದೆಸಿದರೆ ಗುಡಾರ. ಬೆಳಗಾದರೆ ಮತ್ತೆ ಹಾಯಿ.

ತಾವು 'ಬುದ್ಧಿವಂತರಲ್ಲ' ಅಂತ ವೇಝುಗಳೇ ನಗುತ್ತಾ ಹೇಳಿಕೊಳ್ಳುತ್ತಾರೆ. ಮೀನು ಮಾರಿದ ದುಡ್ಡು ಅವತ್ತೇ ಖಾಲಿ. ಅನ್ನ, ಮಾಂಸ, ಹೊಸ ಬಟ್ಟೆ. ನಾಲ್ಕು ದಿನ ಗಾಳಿ ಬಿಟ್ಟೂಬಿಡದೆ ಬೀಸಿ ದೋಣಿ ಇಳಿಸಲಾಗದಿದ್ದಾಗ, 'ಅರೆ, ತಿನ್ನೋಕೆ ಏನೂ ಇಲ್ವಲ್ಲ!' ಅಂತ ಆಶ್ಚರ್ಯ. ಪ್ರತಿ ಸಲವೂ ಅಷ್ಟೇ ಆಶ್ಚರ್ಯ. ಇದನ್ನು ಸೋಮಾರಿತನ ಅಂತ ಹೊರಗಿನವರು ಬರೆದಿಟ್ಟದ್ದೂ ಉಂಟು. ನನಗೆ ಹಾಗೆ ಕಾಣುವುದಿಲ್ಲ. ರೈತನಿಗೆ ಬಿತ್ತಿದ ದಿನಕ್ಕೂ ಕೊಯ್ಲಿಗೂ ನಡುವೆ ತಿಂಗಳುಗಳಿವೆ, ಅವನು ಲೆಕ್ಕ ಹಾಕಲೇಬೇಕು. ಕಡಲಿನಲ್ಲಿ ಬಿತ್ತನೆಯೇ ಇಲ್ಲ. ಇವತ್ತು ಹೋದರೆ ಇವತ್ತೇ ಊಟ. ಐಸು ಇಲ್ಲದ ಊರಿನಲ್ಲಿ ಮೀನನ್ನು ಕೂಡಿಡುವುದಾದರೂ ಎಲ್ಲಿ?

ಹಿಂದಿನ ಕಾಲದ ಬಗ್ಗೆಯೂ ಇದೇ ಧಾಟಿ. ಈ ಕರಾವಳಿಯನ್ನು ಆಳಿದವರು ಸಕಲಾವ ರಾಜರು. ರಾಜನ ಕಡೆಯವರು ಬಂದು ನಿಮ್ಮ ವಂಶ ಯಾವುದು, ಪೂರ್ವಜರು ಯಾರು ಅಂತ ಕೇಳಿದರೆ ಅದಕ್ಕೆ ಉತ್ತರ ಕೊಟ್ಟವನು ರಾಜನ ಆಳಾಗಿಬಿಡುತ್ತಿದ್ದ. ವೇಝುಗಳು ಏನು ಮಾಡುತ್ತಿದ್ದರು? ದೂತರು ಬರುವ ಸುದ್ದಿ ಸಿಕ್ಕ ಕೂಡಲೇ ದೋಣಿ ಹತ್ತಿ ಹೋಗಿಬಿಡುತ್ತಿದ್ದರಂತೆ. ಉತ್ತರ ಕೊಡಲು ಯಾರೂ ಉಳಿಯುತ್ತಿರಲಿಲ್ಲ.

ವೇಝುಗಳು ವಂಶದ ಲೆಕ್ಕ ಇಡಲಿಲ್ಲ ನಿಜ. ಆದರೆ ಅವರ ಮಾತು ಇಟ್ಟುಕೊಂಡಿದೆ. ಅದು ಮಡಗಾಸ್ಕರ್‌ನ ಮಲಗಾಸಿ ಭಾಷೆಯ ಒಂದು ಒಳನುಡಿ. ಮಲಗಾಸಿಯ ಹತ್ತಿರದ ನಂಟ ಆಫ್ರಿಕಾದಲ್ಲಿ ಇಲ್ಲ. ಹಿಂದೂ ಮಹಾಸಾಗರದ ಆಚೆ ದಡದಲ್ಲಿ, ಬೋರ್ನಿಯೋ ದ್ವೀಪದ ಬಾರಿತೊ ನದಿಯ ಕಡೆ ಇದೆ. ಅಲ್ಲಿನ ಮಾಆನ್ಯನ್ ಅನ್ನುವ ಭಾಷೆಗೂ ಮಲಗಾಸಿಗೂ ಇರುವ ನಂಟನ್ನು ನಾರ್ವೆಯ ಭಾಷಾಶಾಸ್ತ್ರಜ್ಞ ಒಟ್ಟೊ ದಾಲ್ 1951ರಲ್ಲಿ ವಿವರವಾಗಿ ತೋರಿಸಿದರು. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿಂದ ದೋಣಿಯಲ್ಲಿ ಬಂದವರು ಮತ್ತು ಆಫ್ರಿಕಾದ ದಡದಿಂದ ಬಂದವರು ಈ ದ್ವೀಪದಲ್ಲಿ ಬೆರೆತರು. ಆ ಬೆರಕೆ ಪದಗಳಲ್ಲಿ ಇವತ್ತಿಗೂ ಕಾಣುತ್ತದೆ.

ಕಡಲಿನ ಪದ ತೆಗೆದುಕೊಳ್ಳಿ. ಆಕ್ಟೋಪಸ್‌ಗೆ ಆಚೆ ದಡದ ಮಲಯ್ ಭಾಷೆಯಲ್ಲಿ 'ಗುರಿತ', ವೇಝುಗಳಲ್ಲಿ 'ಹುರಿತ'. ಹಾಯಿ ಅಲ್ಲಿ 'ಲಾಯರ್', ಇಲ್ಲಿ 'ಲಾಯ್'. ಕಡಲಾಮೆ ಅಲ್ಲಿ 'ಪೆನ್ಯು', ಇಲ್ಲಿ 'ಫಾನು'. ಈಗ ಕೊಟ್ಟಿಗೆಗೆ ಬನ್ನಿ. ದನ 'ಉಂಬಿ', ಸ್ವಾಹಿಲಿಯಲ್ಲಿ 'ಙೊಂಬೆ'. ನಾಯಿ 'ಅಂಬುವ', ಸ್ವಾಹಿಲಿಯ 'ಂಬ್ವಾ'. ಕೋಳಿ 'ಅಕೂಹು', ಸ್ವಾಹಿಲಿಯ 'ಕುಕು'. ನೀರಿನ ಮೇಲಿನ ಮಾತು ಸಾಗರದ ಆಚೆ ದಡದಿಂದ, ಅಂಗಳದ ಪ್ರಾಣಿಗಳ ಮಾತು ಆಫ್ರಿಕಾದಿಂದ.

ಐದು ಅನ್ನುವ ಪದದಲ್ಲಿ ಇನ್ನೊಂದು ಸೊಗಸಿದೆ. ಮಲಯ್‌ನಲ್ಲಿ 'ಲಿಮ'. ರಾಜಧಾನಿ ಕಡೆಯ ಮಲಗಾಸಿಯಲ್ಲಿ 'ದಿಮಿ'. ವೇಝುಗಳ ಬಾಯಲ್ಲಿ 'ಲಿಮಿ'. ಅಂದರೆ ಪುಸ್ತಕದ ಭಾಷೆ ಬಿಟ್ಟುಕೊಟ್ಟ ಹಳೆಯ 'ಲ'ಕಾರವನ್ನು ದಡದ ಬೆಸ್ತರು ಇಟ್ಟುಕೊಂಡಿದ್ದಾರೆ. ಆಡುಮಾತು ಅಂದರೆ ಕೆಟ್ಟುಹೋದ ಮಾತು ಅನ್ನುವವರಿಗೆ ಇದನ್ನು ತೋರಿಸಬೇಕು.

ನಮಗೂ ಒಂದು ಪಾಲು ಇದೆ. ಒಂದು ಲಕ್ಷಕ್ಕೆ ಮಲಗಾಸಿಯಲ್ಲಿ 'ಹೇಟ್ಸಿ'. ಅದು ಮಲಯ್‌ನ 'ಕೆತಿ'ಯಿಂದ ಬಂದದ್ದು. ಕೆತಿ ಬಂದದ್ದು ಸಂಸ್ಕೃತದ 'ಕೋಟಿ'ಯಿಂದ. ದಾರಿಯಲ್ಲಿ ಕೋಟಿ ಸೊರಗಿ ಲಕ್ಷ ಆಯಿತು, 'ಕ' ಹೋಗಿ 'ಹ' ಬಂತು. ಹಳಗನ್ನಡದ ಪಾಲನ್ನು ಹಾಲು ಮಾಡಿಕೊಂಡ ನಮಗೆ 'ಹ'ಕಾರದ ಈ ಚಾಳಿ ಚೆನ್ನಾಗಿ ಗೊತ್ತು.

ಆದರೆ ನನಗೆ ತುಂಬಾ ಹಿಡಿಸಿದ್ದು ದಿಕ್ಕುಗಳ ಕಥೆ. ಮಲಯ್‌ನಲ್ಲಿ 'ಬಾರತ್' ಅಂದರೆ ಪಡುವಣ, 'ತಿಮುರ್' ಅಂದರೆ ಮೂಡಣ. ಅವೇ ಪದಗಳು ಮಡಗಾಸ್ಕರ್‌ನಲ್ಲಿ 'ಅವಾರಚ್', 'ಅತ್ಸಿಮು' ಆಗಿವೆ. ಅರ್ಥ? ಬಡಗಣ ಮತ್ತು ತೆಂಕಣ! ದಿಕ್ಕುಗಳು ಒಂದು ಸುತ್ತಿನ ಕಾಲುಭಾಗ ತಿರುಗಿವೆ. ಹಳೆಯ ನಾವಿಕರಿಗೆ ದಿಕ್ಕು ಅಂದರೆ ನಕ್ಷೆಯ ಗೆರೆ ಅಲ್ಲ, ಗಾಳಿ. ಅವರ ಊರಿನಲ್ಲಿ ಮಳೆ ತರುವ ಗಾಳಿ ಪಡುವಣದಿಂದ ಬರುತ್ತಿತ್ತು. ಹೊಸ ದ್ವೀಪದಲ್ಲಿ ಮಳೆಗಾಳಿ ಬಡಗಣ ಕಡೆಯಿಂದ ಬಂತು. ಗಾಳಿಯ ಹೆಸರನ್ನು ಬದಲಿಸಲಿಲ್ಲ, ಹಾಗಾಗಿ ದಿಕ್ಕು ಬದಲಾಯಿತು. ವೇಝುಗಳು ಇವತ್ತಿಗೂ ಮಧ್ಯಾಹ್ನದ ತೆಂಕಣ ಗಾಳಿಯ ಲೆಕ್ಕ ಹಾಕಿಯೇ ಬೆಳಗಿನ ಜಾವ ದೋಣಿ ಇಳಿಸುತ್ತಾರೆ.

ವ್ಯಾಕರಣದಲ್ಲಿ ನಾವೂ ಅವರೂ ಎದುರುಬದುರು. ನಾವು 'ಮಗು ಮೀನು ತಿನ್ನುತ್ತದೆ' ಅನ್ನುತ್ತೇವೆ. ಅವರು 'ತಿನ್ನುತ್ತದೆ ಮೀನು ಮಗು' ಅನ್ನುತ್ತಾರೆ. ಮೊದಲು ಕೆಲಸ, ಕೊನೆಗೆ ಮಾಡಿದವರು.

ಇನ್ನು ನಂಬಿಕೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಇಲ್ಲಿ ಬಂದು ತಲೆಕೆಳಗಾಗುತ್ತದೆ.

ಬದುಕಿರುವ ವೇಝುವಿಗೆ ಅಪ್ಪನ ಕಡೆ, ಅಮ್ಮನ ಕಡೆ ಅನ್ನುವ ಭೇದ ಇಲ್ಲ. ಎಲ್ಲರೂ ನೆಂಟರೇ. ಹಿಂದೆ ಹೋದಷ್ಟೂ ಅಜ್ಜ ಅಜ್ಜಿಯರು ಜಾಸ್ತಿ ಆಗುತ್ತಾರೆ, ನೆಂಟರು ಇನ್ನೂ ಜಾಸ್ತಿ. ಆದರೆ ಸತ್ತ ಮೇಲೆ ಹೆಣವನ್ನು ಎರಡು ಗೋರಿಗಳಲ್ಲಿ ಇಡಲು ಆಗುವುದಿಲ್ಲವಲ್ಲ. ಒಂದೇ ಗೋರಿ, ಒಂದೇ ವಂಶ. ಆ ವಂಶಕ್ಕೆ 'ರಾಝ' ಅನ್ನುತ್ತಾರೆ. ಬದುಕಿದ್ದಷ್ಟು ದಿನ ಯಾವ ಜಾತಿಗೂ ಸೇರದವನು ಸತ್ತ ಕೂಡಲೇ ಒಂದು ಜಾತಿಗೆ ಸೇರುತ್ತಾನೆ.

ಯಾವ ಗೋರಿ ಅನ್ನುವುದನ್ನು ತೀರ್ಮಾನಿಸುವುದು 'ಸೂರು' ಅನ್ನುವ ಶಾಸ್ತ್ರ. ತಂದೆಯಾದವನು ಮಗುವಿನ ತಾಯಿಯ ಮನೆಯ ಹಿರಿಯರ ಮುಂದೆ ಇದನ್ನು ನಡೆಸಬೇಕು. ನಡೆಸಿದರೆ ಮಗು ಮುಂದೊಂದು ದಿನ ಸತ್ತಾಗ ಮೂಳೆಗಳು ತಂದೆಯ ಗೋರಿಗೆ. ನಡೆಸದಿದ್ದರೆ ತಾಯಿಯ ಕಡೆಗೆ. ಗಮನಿಸಿ, ತಂದೆ ಪಡೆಯುವುದು ಮಗುವನ್ನಲ್ಲ, ಮಗುವಿನ ಮೂಳೆಗಳನ್ನು. ತೊಟ್ಟಿಲಿನಲ್ಲಿ ನಗುತ್ತಿರುವ ಕೂಸಿನ ಮೂಳೆಗಳ ಮಾತು ಅಂದರೆ ನಮಗೆ ಮೈ ಝುಮ್ಮೆನ್ನುತ್ತದೆ. ಅವರಿಗೆ ಅದು ಹಬ್ಬದ ಊಟ ಇರುವ ಕಾರ್ಯ.

ಗೋರಿಗಳು ಹಳ್ಳಿಯಿಂದ ದೂರ, ಕಾಡಿನೊಳಗೆ ಇರುತ್ತವೆ. ಗುಡಿಸಲು ಸೋಗೆಯದ್ದು, ನಾಲ್ಕು ಗಾಳಿಗೆ ಹಾರಿಹೋಗುವಂಥದ್ದು. ಗೋರಿಯ ಬೇಲಿ ಮಾತ್ರ ಸಿಮೆಂಟಿನದ್ದು. ನಾಳೆಗೆ ಅಂತ ಒಂದು ಕಾಸು ಇಡದ ಜನ ಈ ಕೆಲಸಕ್ಕೆ ವರ್ಷಗಟ್ಟಲೆ ದುಡ್ಡು ಕೂಡಿಸುತ್ತಾರೆ. ಸತ್ತವರಿಗೆ ಬದುಕಿರುವವರ ನೆನಪಾಗಿ ಕನಸಿನಲ್ಲಿ ಬರುತ್ತಾರೆ. ಚಳಿ, ಹಸಿವು ಅನ್ನುತ್ತಾರೆ. ಮನೆ ಕಟ್ಟಿಕೊಟ್ಟರೆ ಸಮಾಧಾನವಾಗಿ ತಮ್ಮ ಕಡೆಯೇ ಇರುತ್ತಾರೆ. ಬೇಲಿ ಇರುವುದು ಅದಕ್ಕೇ, ಎರಡೂ ಲೋಕ ಬೇರೆ ಬೇರೆ ಇರಲಿ ಅಂತ.

ಗೋರಿಯ ಮೇಲೆ ಶಿಲುಬೆ ಇರುತ್ತದೆ. ಫ್ರೆಂಚರ ಕಾಲದಲ್ಲಿ ಬಂದ ಪದ, 'ಲಾಕ್ರುವಾ'. ಕರಾವಳಿಯಲ್ಲಿ ಕ್ರೈಸ್ತ ಸಭೆಗಳಿವೆ, ಹೋಗುವವರೂ ಇದ್ದಾರೆ. ಆದರೆ ಶಿಲುಬೆ ನೆಡುವ ಮೊದಲು ಹಿರಿಯರು ಮಾತಾಡಿಸುವುದು ಪೂರ್ವಜರನ್ನು, ಅವರ ಜೊತೆಗೆ ಎಲ್ಲವನ್ನೂ ಸೃಷ್ಟಿಸಿದ ಝಾನಹಾರಿಯನ್ನು. ಇದು ಗೊಂದಲ ಅಂತ ಅವರಿಗೆ ಅನ್ನಿಸುವುದಿಲ್ಲ. ಭೂತಕೋಲಕ್ಕೂ ಹೋಗಿ ಸತ್ಯನಾರಾಯಣ ಪೂಜೆಯನ್ನೂ ಮಾಡಿಸುವ ನಮಗೆ ಅನ್ನಿಸಬೇಕಾಗಿಯೂ ಇಲ್ಲ.

ಕಡಲಿನಲ್ಲೂ ಪಾಲಿಸುವ ಕಟ್ಟಳೆಗಳಿವೆ. 'ಫಾಲಿ' ಅಂದರೆ ಮಾಡಬಾರದ್ದು. ಕಿವಿರು ಇರುವ ಹೆಂಗಸೊಬ್ಬಳು ನೀರಿನಡಿಯಲ್ಲಿದ್ದಾಳೆ ಅನ್ನುತ್ತಾರೆ, ಅವಳೇ 'ಅಂಪೇಲ ಮನಾನಿಸ'. ಕಡಲಾಮೆ ಬರೀ ಮಾಂಸ ಅಲ್ಲ. ಹಿಂದೆ ಅದರ ತಲೆಯನ್ನು 'ರಾಂಜು' ಅನ್ನುವ ಕಟ್ಟೆಯ ಮೇಲೆ ಗೌರವದಿಂದ ಇಡುತ್ತಿದ್ದರು. ಈಗ ಆಮೆ ಬೇಟೆ ಕಾನೂನಿಗೆ ವಿರುದ್ಧ.

ಸತ್ತ ಮೇಲೆ ನಿಜವಾಗಿ ಏನಾಗುತ್ತದೆ ಅಂತ ಅವರು ನಂಬುತ್ತಾರೆ? ಅಸ್ತೂತಿ ಮತ್ತು ಪಾಲ್ ಹ್ಯಾರಿಸ್ ಅನ್ನುವ ಮನೋವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿದರು. ಕೆಲವರಿಗೆ ಆಸ್ಪತ್ರೆಯಲ್ಲಿ ತೀರಿಕೊಂಡವನ ಕಥೆ ಹೇಳಿದರು. ಇನ್ನು ಕೆಲವರಿಗೆ ಸತ್ತ ಮೇಲೆ ಮನೆಯವರು ಗೋರಿ ಕಾರ್ಯ ಮಾಡಿಸಿದವನ ಕಥೆ. ಆಮೇಲೆ ಒಂದೇ ಪ್ರಶ್ನೆಗಳು. ಅವನ ಕಣ್ಣು ಕಾಣುತ್ತದಾ? ಹೆಂಡತಿಯ ಹೆಸರು ಗೊತ್ತಿದೆಯಾ? ಆಸ್ಪತ್ರೆಯ ಕಥೆ ಕೇಳಿದವರು ಹೆಚ್ಚಾಗಿ 'ಸತ್ತವನಿಗೆ ಏನು ಗೊತ್ತಾಗುತ್ತೆ, ಎಲ್ಲ ಮುಗೀತು' ಅನ್ನುವ ಹಾಗೆ ಉತ್ತರ ಕೊಟ್ಟರು. ಗೋರಿಯ ಕಥೆ ಕೇಳಿದವರಲ್ಲಿ 'ಹೆಸರು ಗೊತ್ತಿರುತ್ತದೆ' ಅಂದವರು ಜಾಸ್ತಿ. ಕಣ್ಣು, ಕಿವಿ ನಿಂತವು, ನೆನಪು ಉಳಿಯಿತು. ನಂಬಿಕೆಯೂ ಅವರಿಗೆ ಸದಾ ಹೊತ್ತುಕೊಂಡು ತಿರುಗುವ ವಸ್ತು ಅಲ್ಲ. ಗೋರಿಯ ಹತ್ತಿರ ಬಂದಾಗ ಜಾಸ್ತಿ ಆಗುತ್ತದೆ.

ಈಗಿನ ಕಾಲಕ್ಕೆ ಬರೋಣ. ಹುಣ್ಣಿಮೆ, ಅಮಾವಾಸ್ಯೆ ಬಂದರೆ ಇಳಿತದಲ್ಲಿ ನೀರು ದೂರ ಸರಿದು ಹವಳದ ದಿಬ್ಬ ಮೇಲೆ ಕಾಣುತ್ತದೆ. ಆಗ ಹೆಂಗಸರು ಈಟಿ ಹಿಡಿದು ಇಳಿಯುತ್ತಾರೆ. ಮುಖಕ್ಕೆ ಗಂಧ ತೇದ ಹಾಗೆ ಕಲ್ಲಿನ ಮೇಲೆ ತೇದ ಮರದ ಲೇಪ, ಬಿಸಿಲಿಗೆ. ಹುಡುಕುವುದು ಹುರಿತವನ್ನು. ಅದು ಬಣ್ಣ ಬದಲಿಸಿ ಕಲ್ಲಿನಂತೆಯೇ ಕಾಣುತ್ತದೆ. ಆದರೆ ತಿಂದು ಬಿಸಾಡಿದ ಚಿಪ್ಪುಗಳನ್ನು ಬಿಲದ ಬಾಗಿಲಲ್ಲಿ ಗುಡ್ಡೆ ಹಾಕಿರುತ್ತದೆ. ಕಸ ನೋಡಿ ಮನೆ ಪತ್ತೆ.

ಯುರೋಪಿಗೆ ಆಕ್ಟೋಪಸ್ ಕಳಿಸುವ ಕಂಪನಿಗಳು ಬಂದ ಮೇಲೆ ಹಿಡಿಯುವುದು ಮಿತಿಮೀರಿತು, ಸಣ್ಣ ಸಣ್ಣ ಮರಿಗಳೇ ಸಿಗತೊಡಗಿದವು. 2004ರಲ್ಲಿ ಅಂದವದುವಾಕ ಅನ್ನುವ ಹಳ್ಳಿಯವರು, ಬ್ಲೂ ವೆಂಚರ್ಸ್ ಅನ್ನುವ ಸಂಸ್ಥೆಯ ಜೊತೆ ಸೇರಿ, ಒಂದು ದಿಬ್ಬವನ್ನು ಏಳು ತಿಂಗಳು ಮುಚ್ಚಿದರು. ಆಕ್ಟೋಪಸ್ ಬೆಳೆಯುವ ವೇಗ ಬೆರಗು ಹುಟ್ಟಿಸುವಂಥದ್ದು, ಆಯಸ್ಸೂ ಒಂದೆರಡು ವರ್ಷದ್ದು. ಮತ್ತೆ ತೆರೆದಾಗ ದೊಡ್ಡ ದೊಡ್ಡವು ಸಿಕ್ಕವು. ಪಕ್ಕದ ಹಳ್ಳಿಗಳೂ ಇದನ್ನು ನೋಡಿ ಕಲಿತವು. 2006ರಲ್ಲಿ ಸುತ್ತಲಿನ ಇಪ್ಪತ್ತಕ್ಕೂ ಜಾಸ್ತಿ ಹಳ್ಳಿಗಳು ಸೇರಿ 'ವೆಲುಂದ್ರಿಯಾಕೆ' ಅನ್ನುವ ಕೂಟ ಕಟ್ಟಿದವು. ಕಡಲಿನ ಜೊತೆ ಬಾಳುವುದು ಅಂತ ಅದರ ಅರ್ಥ. ಎಲ್ಲಿ, ಯಾವಾಗ, ಯಾವ ಬಲೆ ಅನ್ನುವುದನ್ನು 'ದೀನ' ಅನ್ನುವ ಊರ ಕಟ್ಟಳೆಯಲ್ಲಿ ಬರೆದರು. ಅಂದವದುವಾಕಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನಾಳೆಯ ಲೆಕ್ಕ ಇಡುವುದಿಲ್ಲ ಅಂತ ನಗುವ ಜನ ಏಳು ತಿಂಗಳು ಕಾದರು ಅನ್ನುವುದು ನನಗೆ ಪ್ರಶಸ್ತಿಗಿಂತ ದೊಡ್ಡ ಸುದ್ದಿ.

ತೊಂದರೆ ಇಲ್ಲದಿಲ್ಲ. ಫರಫಾತ್ಸೆ ಮರ ಸಿಗಲು ಈಗ ಕಾಡಿನೊಳಗೆ ದೂರ ಹೋಗಬೇಕು. ಸೊಳ್ಳೆಪರದೆಯನ್ನೇ ಬಲೆ ಮಾಡಿ ದಡ ಬಾಚುವವರಿದ್ದಾರೆ, ಅದರಲ್ಲಿ ಮರಿಮೀನೂ ಉಳಿಯುವುದಿಲ್ಲ. ಒಳನಾಡಿನಲ್ಲಿ ಬರ ಬಿದ್ದಾಗೆಲ್ಲ ರೈತರು ಹೊಲ ಬಿಟ್ಟು ಕಡಲಿಗೆ ಬರುತ್ತಾರೆ. ಅವರನ್ನು ಬರಬೇಡಿ ಅನ್ನುವುದು ಹೇಗೆ? ಬಂದು ಕಲಿತವರೇ ವೇಝು ಅನ್ನುವುದು ಅವರದೇ ಮಾತು.

ಇಳಿಹೊತ್ತಿನಲ್ಲಿ ದಂಡೆಯ ಮೇಲೆ ಮಕ್ಕಳ ಹಿಂಡು ಇರುತ್ತದೆ. ದೋಣಿ ಕೊರೆದು ಉಳಿದ ಫರಫಾತ್ಸೆ ಚೂರಿನಲ್ಲಿ ಮೊಳದುದ್ದದ ಲಾಕ, ಕಡ್ಡಿಯ ತೇಲು, ಪ್ಲಾಸ್ಟಿಕ್ ಚೀಲದ ಚೌಕ ಹಾಯಿ. ಮೊಣಕಾಲು ನೀರಿನಲ್ಲಿ ನಿಂತು ಪಂದ್ಯ ಬಿಡುತ್ತಾರೆ. ಗಾಳಿ ಸ್ವಲ್ಪ ತಿರುಗಿದರೆ ಓಡಿ ಹೋಗಿ ಕಡ್ಡಿಯನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾರೆ.